ಸುರುಳಿಗಳ ನಡುವಿನ ಸಂದು

ಬೋಟು ಹೊಳೆಯ ನಡುವಿಗೆ ಬಂದಿತ್ತು. ಎಂಜಿನ್ನಿನ ಸದ್ದು ಒಂದೇ ಸಮನೆ ಇತ್ತು, ನನಗೂ ಸಮಾಧಾನವಾಗಿತ್ತು. ಅಷ್ಟರಲ್ಲಿ ಎಂಜಿನ್ನಿನ ಮೇಲ್ಭಾಗದ ಹೆಡ್ಡಿನ ಕಡೆಯಿಂದ ಟಕ್ ಎಂದು ಒಂದು ಸದ್ದು ಬಂತು. ಹಿಂದೆಯೇ ಎರಡನೇ ಸಿಲಿಂಡರು ಕೈಬಿಟ್ಟಿತು. ಎಂಜಿನ್ನು ಕುಂಟುತ್ತ ನಾಲ್ಕಾರು ಸುತ್ತು ತಿರುಗಿ ನಿಂತುಬಿಟ್ಟಿತು. ಬೋಟು ಅಡ್ಡಕ್ಕೆ ತಿರುಗಿ ನೀರಿನ ಜೊತೆ ಕೆಳಕ್ಕೆ ಸಾಗಿತು.

ನಾವು ಮೂವರಿದ್ದೆವು. ಬೋಟು ನಡೆಸುವ ಅಂಬಿಗ ಕಾಕಾ, ಎಂಜಿನ್ ಕಟ್ಟಿದ ನಾನು, ಮತ್ತೆ ನನ್ನ ಅಕ್ಕ. ಅಕ್ಕ ಆಚೆ ದಂಡೆಯ ಊರಿನ ಆರೋಗ್ಯ ಉಪಕೇಂದ್ರದಲ್ಲಿ ನರ್ಸ್. ಅವತ್ತು ಮಕ್ಕಳಿಗೆ ಲಸಿಕೆ ಹಾಕುವ ದಿನ. ಹ್ಯಾಂಗೂ ಬೋಟು ಪರೀಕ್ಷೆಗೆ ಬಿಡತೀರಿ, ನಾನೂ ಬರತೇನಿ ಎಂದು ಐಸ್ ತುಂಬಿದ ಲಸಿಕೆ ಡಬ್ಬಿ ಹೆಗಲಿಗೆ ಹಾಕಿಕೊಂಡು ಹತ್ತಿದ್ದಳು.

ಕಾಕಾ ಉದ್ದನೆಯ ಬಿದಿರ ಗಳ ಹಿಡಿದು ನೆಲ ಹುಡುಕುತ್ತಿದ್ದರು. ಗಳ ಪೂರ್ತಿ ಮುಳುಗಿದರೂ ನೆಲ ಸಿಗಲಿಲ್ಲ. ನಾನು ಗಾಬರಿಯಲ್ಲಿ ರಾಕರ್ ಮುಚ್ಚಳ ಬಿಚ್ಚಲು ಪಾನಾ ಹಾಕಿದೆ.

ಅಕ್ಕ ಹೇಳಿದಳು, "ಅದನ್ನ ಆಮೇಲೆ ಬಿಚ್ಚು ತಮ್ಮಾ. ಈಜು ನನಗ ಬರತೈತಿ, ನಿನಗ ಬರೂದಿಲ್ಲ. ಮೊದಲ ಗಟ್ಟ್ಯಾಗಿ ಹಿಡಕೊಂಡ ಕುಂಡ್ರು."

ಸಾಕಷ್ಟು ದೂರ ಹೋದ ಮೇಲೆ ಹೊಳೆ ತಿರುಗುವಲ್ಲಿ ಗಳಕ್ಕೆ ನೆಲ ತಾಗಿತು. ಕಾಕಾ ಮೈಭಾರವನ್ನೆಲ್ಲ ಹಾಕಿ ಒತ್ತಿದರು. ಬೋಟು ನಮ್ಮ ಕಡೆಯ ದಂಡೆಯ ಜಾಲಿ ಕಂಟಿಗಳಲ್ಲಿ ಹೋಗಿ ಸಿಕ್ಕಿಕೊಂಡಿತು. ಅಕ್ಕ ಸೀರೆ ಎತ್ತಿ ಕಟ್ಟಿ ಕೆಸರಿಗಿಳಿದು ಹಗ್ಗವನ್ನು ಜಾಲಿಯ ಬೊಡ್ಡೆಗೆ ಸುತ್ತಿದಳು. ಆಮೇಲೆ ಡಬ್ಬಿಯ ಮುಚ್ಚಳ ತೆಗೆದು ಐಸ್ ನೋಡಿದಳು. ಅದು ಇನ್ನೂ ಕರಗಿರಲಿಲ್ಲ.

ನನ್ನ ವರ್ಕ್‌ಶಾಪ್ ಶಿರಗುಪ್ಪಿಯಲ್ಲಿತ್ತು. ಕಬ್ಬಿಗೆ ನೀರೆತ್ತುವ ಡೀಸೆಲ್ ಎಂಜಿನ್ನುಗಳೇ ನನ್ನ ಕೆಲಸ. ಆಗ ಆಚೆ ದಂಡೆಯ ಆ ಊರಿಗೆ ಸೇತುವೆ ಇರಲಿಲ್ಲ. ಬೇಸಿಗೆಯಲ್ಲಿ ಜನ ಹಿಂದಿನ ಹಳ್ಳ ದಾಟಿ ರಾಯಬಾಗದ ಕಡೆ ಹೋಗುತ್ತಿದ್ದರು. ಮಳೆಗಾಲದಲ್ಲಿ ಹಳ್ಳವೂ ತುಂಬಿ ಊರು ನಡುಗಡ್ಡೆಯಾಗುತ್ತಿತ್ತು. ಹಾಲು, ಶಾಲೆಯ ಮಾಸ್ತರರು, ಬಸುರಿ ಹೆಂಗಸರು, ಎಲ್ಲರೂ ಆ ಒಂದು ಕಬ್ಬಿಣದ ಬೋಟಿನಲ್ಲೇ ದಾಟಬೇಕು.

ಆ ಬೇಸಿಗೆಯಲ್ಲಿ ಬೋಟಿನ ಎಂಜಿನ್ನಿನ ಒಂದು ವಾಲ್ವ್ ಸ್ಪ್ರಿಂಗ್ ಮುರಿದಿತ್ತು. ಬಿಚ್ಚಿ ನೋಡಿದರೆ ಸಿಲಿಂಡರಿನ ಬೋರ್ ಸವೆದಿತ್ತು, ವಾಲ್ವ್ ತೆರೆಯಿಸುವ ಕ್ಯಾಮ್ ಶಾಫ್ಟ್ ಸವೆದಿತ್ತು, ಉಳಿದ ಮೂರು ಸ್ಪ್ರಿಂಗುಗಳ ತಂತಿಯಲ್ಲಿ ತುಕ್ಕು ಸೂಜಿಮೊನೆಯಷ್ಟು ಗುಳಿ ತೋಡಿತ್ತು. ಪೂರ್ತಿ ಹೊಸದಾಗಿ ಕಟ್ಟುವುದೆಂದು ತೀರ್ಮಾನವಾಯಿತು. ಎಂಜಿನ್ ಹಳೆಯ ಮಾದರಿಯದು, ಅದರದೇ ಬಿಡಿಭಾಗ ಎಲ್ಲೂ ಸಿಗಲಿಲ್ಲ. ಮಿರಜಿನ ಅಂಗಡಿಯವನು ಅದೇ ಕಂಪನಿಯ ನಂತರದ ಮಾದರಿಯ ಕ್ಯಾಮ್ ಶಾಫ್ಟ್ ಕೊಟ್ಟ. ಬೇರಿಂಗಿಗೆ ಸರಿಯಾಗಿ ಕೂತಿತು. ಸ್ಪ್ರಿಂಗ್ ಕೊಡುವಾಗ, "ಇದರ ತಂತಿ ಜಾಡ್ ಐತ್ರಿ, ಹಳೇದಕ್ಕಿಂತ ದಪ್ಪ, ಮುರಿಯೂ ಮಾತ ಇಲ್ಲ" ಎಂದ. ಅವೂ ಕೂತವು. ಎರಡನೇ ಸಿಲಿಂಡರಿನ, ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್ ಕೂರುವ ಜಾಗ ಸುಟ್ಟುಹೋಗಿತ್ತು, ಅಲ್ಲಿಗೆ ಹೊಸ ಉಂಗುರ ಬಡಿಸಿದ್ದೆ. ಕೈಯಿಂದ ತಿರುಗಿಸಿದರೆ ಎಂಜಿನ್ ಬೆಣ್ಣೆಯ ಹಾಗೆ ತಿರುಗುತ್ತಿತ್ತು. ದಂಡೆಯ ಮೇಲೆ ಸ್ವಲ್ಪ ಹೊತ್ತು ಓಡಿಸಿದಾಗಲೂ ಏನೂ ಆಗಿರಲಿಲ್ಲ.

ಈಗ ಜಾಲಿ ಕಂಟಿಯ ನಡುವೆ ರಾಕರ್ ಮುಚ್ಚಳ ತೆಗೆದಾಗ ಕಂಡದ್ದು ಡೊಂಕಾದ ಪುಶ್‌ರಾಡ್. ಕ್ಯಾಮ್ ಕೆಳಗಿನಿಂದ ಈ ಸರಳನ್ನು ಒತ್ತುತ್ತದೆ, ಸರಳು ರಾಕರನ್ನು ಒತ್ತುತ್ತದೆ, ರಾಕರ್ ವಾಲ್ವನ್ನು ಕೆಳಗೆ ತಳ್ಳುತ್ತದೆ, ಸ್ಪ್ರಿಂಗ್ ಅದನ್ನು ಮತ್ತೆ ಮೇಲೆ ತರುತ್ತದೆ. ಸರಳು ಡೊಂಕಾಗಿದೆ ಎಂದರೆ ಮುಂದೆ ಏನೋ ಅಡ್ಡ ನಿಂತಿದೆ ಎಂದರ್ಥ. ವಾಲ್ವ್ ಕಚ್ಚಿಕೊಂಡಿದೆಯೇ ಎಂದು ನೋಡಿದೆ, ಸಲೀಸಾಗಿ ಆಡುತ್ತಿತ್ತು. ಪಿಸ್ಟನ್ನಿಗೆ ತಾಗುತ್ತಿರುವ ಲಕ್ಷಣವೂ ಇರಲಿಲ್ಲ.

ಕಾಕಾ ಕೇಳಿದರು, "ರಾಡ್ ಇನ್ನೊಂದ ಐತೆಲ್ಲಾ ಮಿಸ್ತ್ರಿ? ಹಾಕಿಬಿಡು. ಆ ದಂಡ್ಯಾಗ ಜನ ನಿಂತಾರ."

ರಾಡ್ ಚೀಲದಲ್ಲೇ ಇತ್ತು. ಹಾಕಿದೆ. ಹ್ಯಾಂಡಲ್ ಹಿಡಿದು ನಿಧಾನವಾಗಿ ತಿರುಗಿಸಿದೆ. ಎಲ್ಲೂ ಬಿಗಿಯಿಲ್ಲ. ಕಾರಣ ಸಿಗದೆ ಮುಚ್ಚಳ ಮುಚ್ಚಲು ಕೈಗೆ ತೆಗೆದುಕೊಂಡಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಹೊಸ ಸ್ಪ್ರಿಂಗುಗಳಿಗೆ ಹಸಿರು ಬಣ್ಣ ಬಳಿದಿದ್ದರು. ಮೂರರ ಬಣ್ಣ ಹಾಗೇ ಇತ್ತು. ಡೊಂಕಾದ ರಾಡಿನ ಮೇಲಿದ್ದ ನಾಲ್ಕನೆಯದರಲ್ಲಿ ಸುರುಳಿಯ ಒಂದು ಸುತ್ತು ಇನ್ನೊಂದಕ್ಕೆ ಎದುರಾಗುವ ಕಡೆ ಬಣ್ಣ ಹೋಗಿ ಬೆಳ್ಳನೆ ಗೆರೆ ಹೊಳೆಯುತ್ತಿತ್ತು. ಸುರುಳಿಯ ಸುತ್ತುಗಳು ಒಂದಕ್ಕೊಂದು ಬಡಿದಿದ್ದವು.

ನಾನು ಮುಚ್ಚಳ ಕೆಳಗಿಟ್ಟೆ. "ಕಾಕಾ, ಈಗ ಬಿಡೂದ ಬ್ಯಾಡ. ಹೆಡ್ ಬಿಚ್ಚಿ ಒಯ್ಯತೇನಿ."

"ಎಷ್ಟ ಹೊತ್ತ ಆಗತೈತಿ?"

"ಅಳತಿ ಮಾಡೂತನಕ ಹೇಳಾಕ ಬರೂದಿಲ್ರಿ."

ಅವರು ಗಳವನ್ನು ಬೋಟಿನೊಳಗೆ ಎಳೆದಿಟ್ಟರು. ಅಕ್ಕ ಡಬ್ಬಿ ಎತ್ತಿಕೊಂಡು ದಂಡೆಯುದ್ದಕ್ಕೂ ಹಿಂದಕ್ಕೆ ನಡೆದಳು. ನಾವು ಬೋಟು ಬಿಟ್ಟ ಜಾಗದಲ್ಲಿ ಆಚೆ ಊರವರು ಟ್ರ್ಯಾಕ್ಟರ್ ಟ್ಯೂಬುಗಳ ಮೇಲೆ ಹಲಗೆ ಕಟ್ಟಿ ಒಂದು ತೆಪ್ಪ ಮಾಡಿಕೊಂಡಿದ್ದರು. ಅದರ ಮೇಲೆ ಕುಕ್ಕರಗಾಲಲ್ಲಿ ಕೂತು ಅವಳು ಹೊಳೆ ದಾಟಿದ್ದನ್ನು ನಾನು ಹೆಡ್ಡಿನ ಬೋಲ್ಟು ಸಡಿಲಿಸುತ್ತ ದೂರದಿಂದ ನೋಡಿದೆ.

ಹೆಡ್ಡನ್ನು ವರ್ಕ್‌ಶಾಪಿಗೆ ತಂದು ಕೆಲಸ ಶುರುಮಾಡಿದೆ. ಮೊದಲು ಸ್ಪ್ರಿಂಗನ್ನು ವೈಸಿನಲ್ಲಿಟ್ಟು ಎಲ್ಲ ಸುತ್ತುಗಳೂ ಒಂದಕ್ಕೊಂದು ಕೂಡುವವರೆಗೆ ಒತ್ತಿ, ವರ್ನಿಯರಿನಿಂದ ಅಳೆದೆ. ಇಪ್ಪತ್ತೇಳು ಮಿಲಿಮೀಟರಿನ ಮೇಲೆ ಎರಡು ಗೀಟು. ಅದಕ್ಕಿಂತ ಕೆಳಗೆ ಅದು ಇಳಿಯುವುದು ಸಾಧ್ಯವಿಲ್ಲ, ಆಗ ಅದು ಸ್ಪ್ರಿಂಗೇ ಅಲ್ಲ, ಕಬ್ಬಿಣದ ಕೊಳವೆ. ಆಮೇಲೆ ವಾಲ್ವ್ ಮುಚ್ಚಿದಾಗ ಸ್ಪ್ರಿಂಗಿಗೆ ಸಿಗುವ ಎತ್ತರ ಅಳೆದೆ. ಮೂರು ವಾಲ್ವುಗಳಲ್ಲಿ ಮೂವತ್ತೆಂಟು ಇತ್ತು. ನಾಲ್ಕನೆಯದರಲ್ಲಿ ಅರ್ಧ ಮಿಲಿಮೀಟರಿಗಿಂತ ತುಸು ಜಾಸ್ತಿಯೇ ಕೊರತೆ ಇತ್ತು. ನಾನು ಬಡಿಸಿದ ಹೊಸ ಉಂಗುರದಲ್ಲಿ ವಾಲ್ವ್ ಅಷ್ಟು ಒಳಗೆ ಕೂತಿರಲಿಲ್ಲ, ಹೀಗಾಗಿ ಈ ಕಡೆ ಅದರ ದಂಡ ಗಿಡ್ಡವಾಗಿತ್ತು.

ಮೂರನೆಯದಾಗಿ ವಾಲ್ವ್ ಎಷ್ಟು ಇಳಿಯುತ್ತದೆ ಎನ್ನುವುದು. ಗಟ್ಟಿ ಸ್ಪ್ರಿಂಗ್ ಇದ್ದರೆ ಈ ಅಳತೆ ಕೈಗೆ ಹತ್ತುವುದಿಲ್ಲ. ಸ್ಟೋವಿನ ಪಂಪಿನಲ್ಲಿರುವಂಥ ಮೆತ್ತಗಿನ ಸ್ಪ್ರಿಂಗ್ ಒಂದನ್ನು ಅದರ ಜಾಗದಲ್ಲಿ ಹಾಕಿ, ಹೆಡ್ಡನ್ನು ಬೋಟಿಗೆ ಒಯ್ದು ಎಂಜಿನ್ನಿನ ಮೇಲೆ ಕೂರಿಸಿ, ತಿರುಗಿಸಿ ಅಳೆದೆ. ವಾಲ್ವ್ ಸುಮಾರು ಹತ್ತು ಮಿಲಿಮೀಟರ್ ಇಳಿಯುತ್ತಿತ್ತು, ಹೊಸ ಕ್ಯಾಮ್ ಹಳೆಯದಕ್ಕಿಂತ ಒಂದೂವರೆ ಮಿಲಿಮೀಟರ್ ಹೆಚ್ಚು ಒತ್ತುತ್ತಿತ್ತು.

ಕೂಡಿಸಿ ಕಳೆದು ನೋಡಿದೆ. ಆ ನಾಲ್ಕನೇ ವಾಲ್ವ್ ಪೂರ್ತಿ ತೆರೆದಾಗ ಎಲ್ಲ ಸುರುಳಿಗಳ ನಡುವೆ ಸೇರಿ ಉಳಿಯುವ ಸಂದು ಒಂದು ಹಾಳೆಯಷ್ಟು. ಕೈಯಿಂದ ತಿರುಗಿಸಿದಾಗ ಆ ಹಾಳೆಯಷ್ಟರಲ್ಲೇ ಅದು ಪಾರಾಗುತ್ತಿತ್ತು. ಆದರೆ ಎಂಜಿನ್ ಕಾದ ಮೇಲೆ ಎಕ್ಸಾಸ್ಟ್ ವಾಲ್ವಿನ ದಂಡ ಬೆಳೆಯುತ್ತದೆ, ಅದರ ತಲೆಗೂ ರಾಕರಿಗೂ ನಡುವೆ ಬಿಟ್ಟ ಜಾಗ ಮುಚ್ಚುತ್ತದೆ, ಅಷ್ಟೂ ಹೆಚ್ಚಿಗೆ ವಾಲ್ವ್ ಇಳಿಯಬೇಕಾಗುತ್ತದೆ. ಇಳಿಯಲು ಜಾಗವಿಲ್ಲ. ಇದ್ದುದರಲ್ಲಿ ಬಡಪಾಯಿ ಪುಶ್‌ರಾಡ್, ಅದು ಬಾಗಿತು. ಕ್ಯಾಮ್, ತಂತಿ, ಉಂಗುರ, ಮೂರೂ ಬೇರೆಬೇರೆಯಾಗಿ ನೋಡಿದರೆ ಸರಿಯೇ ಇದ್ದವು. ಮೂರೂ ಕೂಡಿ ಒಂದು ಸಂದನ್ನು ತಿಂದಿದ್ದವು. ಉಳಿದ ಮೂರು ವಾಲ್ವುಗಳಲ್ಲೂ ಮುಕ್ಕಾಲು ಮಿಲಿಮೀಟರ್ ಮಾತ್ರ ಇತ್ತು. ನನಗೆ ಒಂದೂವರೆಯಾದರೂ ಬೇಕು.

ಮರುದಿನ ಕಾಕಾ ಬಂದರು. ಜೊತೆಗೆ ಆ ಊರಿನ ಪಂಚಾಯ್ತಿ ಸದಸ್ಯರೂ ಇದ್ದರು. ಅವರದು ದೊಡ್ಡ ದನಿ, ಆದರೆ ಕೆಟ್ಟ ಮನುಷ್ಯರಲ್ಲ. ಅಳತೆಯನ್ನೆಲ್ಲ ಹೇಳಿದೆ. ಹೊಳಪು ಗೆರೆ ತೋರಿಸಿದೆ. ಸದಸ್ಯರು ಬೆಂಚಿನ ಮೇಲಿದ್ದ ಹಳೆಯ ಸ್ಪ್ರಿಂಗುಗಳನ್ನು ಕೈಗೆತ್ತಿಕೊಂಡರು.

"ಇವುಕ್ಕ ಜಗಾ ಸಾಲತೈತೇನು?"

"ಸಾಲತೈತ್ರಿ. ಇವುಗಳ ತಂತಿ ಸಣ್ಣದು."

"ಹಂಗಾದ್ರ ಇವನ್ನ ಹಾಕು. ಮೂರ ಅದಾವ, ಇನ್ನೊಂದ ಎಲ್ಯಾರ ಹುಡುಕು. ಇಷ್ಟ ವರ್ಷ ನಡದಾವ, ಈ ಒಂದ ಮಳಗಾಲ ನಡಿಯೂದಿಲ್ಲೇನು?"

ಅವರು ಹೇಳಿದ್ದು ದಡ್ಡ ಮಾತಲ್ಲ. ನಾನೂ ಹಿಂದಿನ ಸಂಜೆ ಅದನ್ನೇ ಯೋಚಿಸಿದ್ದೆ. ಒಂದು ಸ್ಪ್ರಿಂಗನ್ನು ಅವರ ಕೈಯಿಂದ ತೆಗೆದುಕೊಂಡು ಗುಳಿಬಿದ್ದ ಕಡೆ ಉಗುರಿನಿಂದ ಕೆರೆದು ತೋರಿಸಿದೆ. "ಇದರ ಜೋಡಿದು ಇಲ್ಲೇ ಮುರದೈತ್ರಿ. ಬ್ಯಾಸಗ್ಯಾಗ ಮುರೀತು, ದಂಡಿಗೆ ಬಂದಿರಿ. ತುಂಬಿದ ಹೊಳ್ಯಾಗ ಮುರದ್ರ ವಾಲ್ವ್ ಸಿಲಿಂಡರದಾಗ ಬೀಳತೈತಿ, ಪಿಸ್ಟನ್ ಒಡೀತೈತಿ. ಆವಾಗ ರಾಡ್ ಬದಲಿ ಮಾಡಿ ಬರೂ ಹಂಗಿಲ್ಲ."

"ಮತ್ತ ಹೆಡ್ಡ ಕೊರದು ಜಗಾ ಮಾಡಲ್ಲಾ. ಲೇಥ್ ಮಷಿನ್ ಐತೆಲ್ಲಾ ಊರಾಗ."

"ಸ್ಪ್ರಿಂಗ್ ಕೂಡೂ ಕಡೆ ಕೆಳಗ ನೀರಿನ ದಾರಿ ಐತ್ರಿ. ಗ್ವಾಡಿ ಎಷ್ಟ ದಪ್ಪ ಐತಿ ನನಗೂ ಗೊತ್ತಿಲ್ಲ. ಒಡದ್ರ ಹೆಡ್ಡೂ ಹೋತು."

ಸದಸ್ಯರಿಗೆ ಸಿಟ್ಟು ಬಂತು. "ಅಲ್ಲೋ ಮಾರಾಯಾ, ಅದೂ ಬ್ಯಾಡ, ಇದೂ ಬ್ಯಾಡ ಅಂತೀದಿ. ನಮ್ಮ ಹುಡುಗುರು ಟ್ಯೂಬಿನ ಮ್ಯಾಲ ಸಾಲಿಗೆ ಬರಾಕತ್ತಾವ. ಒಂದ ಜಾರಿ ಬಿದ್ರ ನಿನ್ನ ಅಳತಿ ತಗೊಂಡ ಏನ ಮಾಡೂದು?"

ಆ ಭಯ ನನಗೂ ಇತ್ತು. ನನ್ನ ಅಕ್ಕನೂ ಅದೇ ತೆಪ್ಪದ ಮೇಲೆ ದಿನಾ ದಾಟುತ್ತಿದ್ದಳು. ತಡ ಮಾಡಿದರೂ ಅಪಾಯ, ಅವಸರ ಮಾಡಿದರೂ ಅಪಾಯ. ಆದರೆ ತೆಪ್ಪದ ಮೇಲೆ ನಾಲ್ವರು ಕೂರುತ್ತಿದ್ದರು, ಅದೂ ನೀರು ಇಳಿದಾಗ ಮಾತ್ರ. ಬೋಟಿಗೆ ಮೂವತ್ತು ಜನ ಹತ್ತುತ್ತಿದ್ದರು, ನೀರು ಏರಿದಾಗಲೇ ಹತ್ತುತ್ತಿದ್ದರು. ನಾನು ಅಷ್ಟನ್ನೇ ಹೇಳಿದೆ. ಸರಿಯಾದ ಸ್ಪ್ರಿಂಗ್ ಸಿಗುವವರೆಗೆ ಹೆಡ್ಡನ್ನು ಕೊಡುವುದಿಲ್ಲ ಎಂದೂ ಹೇಳಿದೆ.

ಸದಸ್ಯರು ಚಪ್ಪಲಿ ಮೆಟ್ಟಿ ಹೊರಟುಹೋದರು. ಕಾಕಾ ಬಾಗಿಲಲ್ಲಿ ನಿಂತು ಕೇಳಿದರು, "ಸಿಗತಾವ?"

"ಸಿಗಲಿಲ್ಲಂದ್ರ ಮಾಡಸತೇನಿ."

ಇಚಲಕರಂಜಿಯಲ್ಲಿ ಮಗ್ಗಗಳಿಗೆ ಸ್ಪ್ರಿಂಗ್ ಸುತ್ತಿಕೊಡುವವರಿದ್ದಾರೆಂದು ಕೇಳಿದ್ದೆ. ಕಾಗವಾಡದಿಂದ ಮಿರಜಿಗೆ, ಅಲ್ಲಿಂದ ಇಚಲಕರಂಜಿಗೆ ಬಸ್ಸು. ಮಗ್ಗಗಳ ಖಟಖಟ ಸದ್ದಿನ ಓಣಿಯೊಂದರಲ್ಲಿ ಒಬ್ಬ ವಯಸ್ಸಾದ ಕುಶಲಕರ್ಮಿ ಸಿಕ್ಕರು. ಮರಾಠಿಯವರು, ಗಡಿಯ ಜನರ ಹಾಗೆ ಕನ್ನಡವೂ ಬರುತ್ತಿತ್ತು. ನಾನು ಮುರಿದ ಸ್ಪ್ರಿಂಗ್, ಹೊಸ ಸ್ಪ್ರಿಂಗ್ ಎರಡನ್ನೂ ಮುಂದಿಟ್ಟು, ಎತ್ತರ ಎಷ್ಟು, ಪೂರ್ತಿ ಒತ್ತಿದಾಗ ಎಷ್ಟಾಗಬೇಕು, ಎಷ್ಟು ಕಿಲೋ ಭಾರಕ್ಕೆ ಎಷ್ಟು ಇಳಿಯಬೇಕು ಎಂದು ಹೇಳಿದೆ. ಭಾರದ ಲೆಕ್ಕವನ್ನು ನಾನೇ ತೆಗೆದಿದ್ದೆ. ಡ್ರಿಲ್ ಮಷಿನ್ ಕೆಳಗೆ ಕಿರಾಣಿ ಅಂಗಡಿಯ ತೂಕದ ಕಾಟಾ ಇಟ್ಟು, ಅದರ ಮೇಲೆ ಸ್ಪ್ರಿಂಗ್ ಇಟ್ಟು, ಮಷಿನ್ನಿನ ಹಿಡಿಕೆ ಎಳೆದು ಒತ್ತಿದರೆ ಮುಳ್ಳು ತೋರಿಸುತ್ತದೆ.

"ಆಗತೈತಿ. ನಾಕ ದಿವಸ ಬಿಟ್ಟ ಬಾ" ಎಂದರು.

ನಾನು ಹೊಳೆ, ಬೋಟು, ಮಕ್ಕಳು, ತೆಪ್ಪ ಎಲ್ಲ ಹೇಳಿ ಇವತ್ತೇ ಬೇಕು ಎಂದು ಕೂತುಬಿಟ್ಟೆ. ಅವರು ಬಹಳ ಹೊತ್ತು ತಲೆ ಕೆರೆದುಕೊಂಡು ಕೊನೆಗೆ ತಂತಿ ತೆಗೆದರು. ಸಂಜೆಯ ಬಸ್ಸಿಗೆ ಸ್ಪ್ರಿಂಗುಗಳು ನನ್ನ ಚೀಲದಲ್ಲಿದ್ದವು.

ಮನೆಗೆ ಬಂದು ಅಳೆದರೆ ಎಲ್ಲವೂ ಸರಿ. ಅಷ್ಟಕ್ಕೇ ಜೋಡಿಸಬಹುದಿತ್ತು. ಆದರೆ ಮೊದಲ ಸಲ ನನ್ನನ್ನು ಕೆಡಿಸಿದ್ದು ಬಿಸಿ. ತಣ್ಣಗಿರುವಾಗ ಸರಿಯಿದೆ ಎನ್ನುವುದನ್ನು ನಂಬುವ ಮನಸ್ಸಾಗಲಿಲ್ಲ. ಅಡುಗೆಮನೆಯ ದೊಡ್ಡ ಕಡಾಯಿ ತೆಗೆದು, ಅದರಲ್ಲಿ ಶೇಂಗಾ ಎಣ್ಣೆ ಹಾಕಿ, ಸ್ಪ್ರಿಂಗುಗಳನ್ನು ಬೋಲ್ಟಿನಿಂದ ಒತ್ತಿ ಕಟ್ಟಿ ಅದರಲ್ಲಿ ಮುಳುಗಿಸಿ ಹೊಗೆಯಾಡುವವರೆಗೆ ಕಾಯಿಸಿದೆ.

ಅಕ್ಕ ಕೆಲಸದಿಂದ ಬಂದವಳು ಒಲೆಯ ಮುಂದೆ ನಿಂತು ನೋಡಿದಳು. ಅವಳ ಸೀರೆಯ ಅಂಚು ಮೊಳಕಾಲಿನವರೆಗೆ ಒದ್ದೆಯಾಗಿತ್ತು. "ಇವತ್ತ ಊಟಕ್ಕ ಇದನ್ನ ಕರದೀಯೇನು?" ಎಂದಳು.

ಎಣ್ಣೆ ಆರಿದ ಮೇಲೆ ಬಿಚ್ಚಿ ಅಳೆದೆ. ನಾಲ್ಕರಲ್ಲಿ ಎರಡು ಗಿಡ್ಡವಾಗಿದ್ದವು. ಕಾಟಾದ ಮೇಲೆ ಇಟ್ಟರೆ ಭಾರವೂ ಇಳಿದಿತ್ತು. ಅಂಥ ಸ್ಪ್ರಿಂಗ್ ಹಾಕಿದರೆ ವಾಲ್ವ್ ಸರಿಯಾಗಿ ಮುಚ್ಚುವುದಿಲ್ಲ, ಎಂಜಿನ್ನು ಬಲವಿಲ್ಲದೆ ಪ್ರವಾಹದಲ್ಲಿ ಹಿಂದಕ್ಕೆ ಸರಿಯುತ್ತದೆ. ನಾನು ನೆಲದ ಮೇಲೆ ಕೂತೆ. ಅಕ್ಕ ಇನ್ನೊಂದು ಪಾತ್ರೆಯಲ್ಲಿ ಚಹಾ ಇಟ್ಟಳು. ಲೋಟ ಕೈಗೆ ಕೊಡುವಾಗ ಕೇಳಿದಳು, "ಮತ್ತ ಹೋಗಬೇಕೇನು?"

"ಹೋಗಬೇಕ. ನೀ ಆ ತೆಪ್ಪದ ಮ್ಯಾಲ..."

"ನನ್ನ ಚಿಂತಿ ನೀ ಮಾಡಬ್ಯಾಡ. ನಾ ಏಳ ತಿಂಗಳ ಬಸರಿನ್ನ ಆ ಬೋಟಿನ್ಯಾಗ ಕುಂಡ್ರಸ್ತೇನಿ, ಅಕಿ ಕೈ ಹಿಡದು ಏನೂ ಆಗೂದಿಲ್ಲವಾ ಅಂತೇನಿ. ನಾ ಅಂದ ಮಾತ ಖರೆ ಆಗೂಹಂಗ ಮಾಡ."

ಮತ್ತೆ ಹೋದಾಗ ಇಚಲಕರಂಜಿಯ ಕುಶಲಕರ್ಮಿ ಗಿಡ್ಡಾದ ಸ್ಪ್ರಿಂಗನ್ನು ತಿರುಗಿಸಿ ನೋಡಿ ನಕ್ಕರು. "ಘಾಯಿ ಕರೂ ನಕಾ, ಅವಸರ ಮಾಡಬ್ಯಾಡ ಅಂತ ನಾ ಹೇಳಬೇಕಾಗಿತ್ತು. ಸುತ್ತಿದ ಮ್ಯಾಲ ಭಟ್ಟಿಯೊಳಗ ಇಟ್ಟ ತಾಸಗಟ್ಟಲೆ ಕಾಸಬೇಕು. ತಣ್ಣಗಾದ ಮ್ಯಾಲ ಪೂರಾ ಒತ್ತಬೇಕು, ಬಿಡಬೇಕು, ಒತ್ತಬೇಕು. ಎಷ್ಟ ಗಿಡ್ಡ ಆಗತೈತಿ ಅಷ್ಟ ಇಲ್ಲೇ ಆಗಬೇಕು. ನೀನ ಅವಸರ ಮಾಡಿದಿ, ನಾನೂ ಮಾಡಿದೆ."

ಈ ಸಲ ನಾನು ಅವಸರ ಮಾಡಲಿಲ್ಲ. ಅವರ ಅಂಗಡಿಯಲ್ಲೇ ಕೂತೆ. ಅವರು ಬೇರೆ ಸಿಂಬೆಯಿಂದ ತಂತಿ ತೆಗೆದರು, ಬೇಕಾದುದಕ್ಕಿಂತ ಸ್ವಲ್ಪ ಉದ್ದವಾಗಿ ಸುತ್ತಿದರು, ಭಟ್ಟಿಗೆ ಹಾಕಿದರು. ತಣ್ಣಗಾದ ಮೇಲೆ ಒಂದೊಂದನ್ನೂ ಪ್ರೆಸ್ಸಿನಲ್ಲಿ ಮತ್ತೆ ಮತ್ತೆ ಒತ್ತಿದರು. ಮೊದಲ ಸಲ ಒತ್ತಿದಾಗ ಸ್ಪ್ರಿಂಗ್ ಕಣ್ಣಿಗೆ ಕಾಣುವಷ್ಟು ಗಿಡ್ಡವಾಯಿತು. ಆಮೇಲೆ ಎಷ್ಟು ಒತ್ತಿದರೂ ಒಂದೇ ಎತ್ತರಕ್ಕೆ ಮರಳಿತು. ಮುಂಜಾನೆಯಿಂದ ಶುರುವಾದ ಮಳೆ ಅವರ ತಗಡಿನ ಮೇಲೆ ಬೀಳುತ್ತಲೇ ಇತ್ತು. ಚಹಾ ತರಿಸಿ ಅವರು ಹೇಳಿದರು, ನಮ್ಮ ಹೊಳೆಗೆ ನೀರು ಬರುವ ಕೊಯ್ನಾ ಕಡೆ ಇದಕ್ಕಿಂತ ಜೋರಾಗಿದೆಯಂತೆ.

ಆ ಸ್ಪ್ರಿಂಗುಗಳು ನಮ್ಮ ಕಡಾಯಿಯಲ್ಲಿ ಕಾದು ಬಂದಾಗಲೂ ಕೂದಲೆಳೆಯಷ್ಟೂ ಬದಲಾಗಲಿಲ್ಲ.

ಹೆಡ್ಡನ್ನು ಬೋಟಿಗೆ ಒಯ್ದು ಜೋಡಣೆ ಶುರುಮಾಡಿದೆ. ಒಂದೊಂದೇ ವಾಲ್ವನ್ನು ಪೂರ್ತಿ ತೆರೆದ ಸ್ಥಿತಿಗೆ ತಂದು ನಿಲ್ಲಿಸಿ, ಸುರುಳಿಗಳ ನಡುವೆ ಫೀಲರ್ ಗೇಜಿನ ತೆಳು ಪಟ್ಟಿಗಳನ್ನು ತೂರಿಸಿದೆ. ಪ್ರತಿ ಸುತ್ತಿನ ನಡುವೆಯೂ ಪಟ್ಟಿ ಸಲೀಸಾಗಿ ಹೋಗಿ ಬಂತು. ಎಲ್ಲವನ್ನೂ ಕೂಡಿಸಿದಾಗ ಎರಡು ಮಿಲಿಮೀಟರಿನ ಹತ್ತಿರ. ಸ್ಪ್ರಿಂಗಿನ ಮೇಲಿನ ಕ್ಯಾಪಿನ ತಳ ವಾಲ್ವಿನ ದಂಡ ಆಡುವ ಗೈಡಿಗೆ ತಾಗುತ್ತದೆಯೇ ಎಂದೂ ನೋಡಿದೆ, ಅಲ್ಲಿಯೂ ಬೆರಳಿನ ಉಗುರು ಹಿಡಿಯುವಷ್ಟು ಜಾಗ. ಆಮೇಲೆ ಎಕ್ಸಾಸ್ಟ್ ವಾಲ್ವುಗಳಿಗೂ ರಾಕರಿಗೂ ನಡುವೆ ಬಿಟ್ಟ ಟ್ಯಾಪೆಟ್ ಜಾಗವನ್ನು ಬೇಕೆಂದೇ ಪೂರ್ತಿ ತೆಗೆದು, ಅಂದರೆ ಎಂಜಿನ್ ಕಾದಾಗ ಹೇಗಿರುತ್ತದೋ ಹಾಗೆ ಮಾಡಿ, ಮತ್ತೊಮ್ಮೆ ಅಳೆದೆ. ಇತ್ತು. ಒಂದೂವರೆಗಿಂತ ಹೆಚ್ಚೇ ಇತ್ತು. ಟ್ಯಾಪೆಟ್ ಮತ್ತೆ ಸರಿಮಾಡಿ ಮುಚ್ಚಳ ಹಾಕಿದೆ.

ಬೋಟನ್ನು ದಪ್ಪ ಹಗ್ಗದಿಂದ ದಂಡೆಯ ಬೇವಿನ ಮರಕ್ಕೆ ಕಟ್ಟಿ ತುಂಬಿದ ಬೋಟಿಗೆ ಬೇಕಾಗುವ ವೇಗದಲ್ಲಿ ಓಡಿಸಿದೆವು. ಹಗ್ಗ ನೀರು ಸೋರುವಷ್ಟು ಬಿಗಿದು ನಿಂತಿತ್ತು. ಬೆಳಗಿನಿಂದ ಮಧ್ಯಾಹ್ನದವರೆಗೆ ಅದು ಓಡಿತು. ಪಂಚಾಯ್ತಿ ಸದಸ್ಯರು ಬಂದು ಕೊಡೆ ಹಿಡಿದು ಒಂದು ತಾಸು ನಿಂತರು. ಕೊನೆಗೆ, "ಆತಲ್ಲಾ?" ಎಂದರು.

"ತಣ್ಣಗಾಗಲ್ರಿ. ಬಿಚ್ಚಿ ನೋಡಿ ಹೇಳತೇನಿ."

ಬಿಚ್ಚಿದೆ. ಎಲ್ಲಿಯೂ ಹೊಳೆಯುವ ಗೆರೆ ಇರಲಿಲ್ಲ. "ಆತ್ರಿ" ಎಂದೆ. ಅವರು ತಾವೇ ಬಗ್ಗಿ ಹಗ್ಗದ ಗಂಟು ಬಿಚ್ಚಿದರು.

ಅದಾದ ಸ್ವಲ್ಪ ದಿನಕ್ಕೇ ಹೊಳೆಯ ಬಣ್ಣ ಬದಲಾಯಿತು. ಕೆಂಪು ನೀರು ಕಬ್ಬಿನ ತೋಟಗಳಿಗೆ ನುಗ್ಗಿತು. ಆಚೆ ದಂಡೆಯ ತಗ್ಗಿನ ಮನೆಗಳನ್ನು ಖಾಲಿ ಮಾಡಬೇಕೆಂದು ತಹಶೀಲ್ದಾರರ ಕಚೇರಿಯಿಂದ ಹೇಳಿಕಳಿಸಿದರು. ತೆಪ್ಪ ನೀರಿಗಿಳಿಸುವ ಮಾತೇ ಇರಲಿಲ್ಲ. ನಾನು ಎಂಜಿನ್ನಿನ ಪಕ್ಕದಲ್ಲೇ ಕೂತೆ, ಕಾಕಾ ಚುಕ್ಕಾಣಿ ಹಿಡಿದರು.

ಮೊದಲ ಖೇಪಿನಲ್ಲಿ ಮುದುಕರು ಮತ್ತು ಕೂಸುಗಳು. ಅಕ್ಕ ಆ ದಂಡೆಯಲ್ಲಿ ನಿಂತು ಯಾರು ಮೊದಲು ಹತ್ತಬೇಕೆಂದು ಹೇಳುತ್ತಿದ್ದಳು. ತುಂಬಿದ ಬೋಟು ಪ್ರವಾಹದ ನಡುವಿಗೆ ಬಂದಾಗ ಮುಂದಕ್ಕೆ ಸಾಗುವುದು ನಿಂತೇಹೋದಂತಾಯಿತು. ಕಾಕಾ ನನ್ನ ಮುಖ ನೋಡಿದರು. ಅವರು ಏನು ಕೇಳುತ್ತಿದ್ದಾರೆಂದು ತಿಳಿಯಿತು. ಮರಕ್ಕೆ ಕಟ್ಟಿ ಓಡಿಸಿದ್ದಕ್ಕಿಂತಲೂ ಹೆಚ್ಚು ವೇಗ ಬೇಕಿತ್ತು. ನಾನು ತಲೆಯಾಡಿಸಿದೆ. ಅವರು ಆಕ್ಸಿಲರೇಟರಿನ ಸರಳನ್ನು ಕೊನೆಯವರೆಗೂ ಎಳೆದರು.

ಅಂಗೈಯನ್ನು ರಾಕರ್ ಮುಚ್ಚಳದ ಮೇಲಿಟ್ಟೆ. ಬಿಸಿ ಸುಡುತ್ತಿತ್ತು, ತೆಗೆಯಲಿಲ್ಲ. ಒಳಗೆ ನಾಲ್ಕೂ ಸ್ಪ್ರಿಂಗುಗಳು ಇಳಿದು ಏರುವುದು ಕೈಗೆ ಗೊತ್ತಾಗುತ್ತಿತ್ತು. ನನ್ನ ಎದುರಿಗೆ ಕೂತ ಅಜ್ಜಿಯೊಬ್ಬಳು ಕೋಳಿಯ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ನಿದ್ದೆಹೋಗಿದ್ದಳು. ಬೋಟು ಗೇಣು ಗೇಣಾಗಿ ಮುಂದೆ ಸರಿಯಿತು, ಆಮೇಲೆ ಮಾರು ಮಾರಾಗಿ. ಈ ದಂಡೆಯ ಕೆಸರಿಗೆ ಮುಂಭಾಗ ತಾಗಿದಾಗ ಜನ ಎದ್ದು ಗಂಟುಗಳನ್ನು ಎತ್ತಿಕೊಂಡು, ಕೂಸುಗಳನ್ನು ಕೈಯಿಂದ ಕೈಗೆ ದಾಟಿಸಿ ಇಳಿದರು. ಅಜ್ಜಿಯನ್ನು ಎಬ್ಬಿಸಬೇಕಾಯಿತು.

ಕಾಕಾ ಎಂಜಿನ್ನನ್ನು ಆರಿಸಲಿಲ್ಲ. "ಇಳದ ತಳ್ಳು ಮಿಸ್ತ್ರಿ" ಎಂದರು. "ಇನ್ನ ಅರ್ಧ ಊರ ಅಲ್ಲೇ ನಿಂತೈತಿ."

ನಾನು ಸೊಂಟಮಟ ನೀರಿಗಿಳಿದು ಬೋಟಿನ ಮೂತಿಗೆ ಹೆಗಲು ಕೊಟ್ಟೆ.